ಹೊರದೇಶದಲ್ಲಿ ಕೆಲವು ತಿಂಗಳ ಇಂಗ್ಲಿಷ್ ಬೋಧನೆ: ಹೊಸಬರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೊರದೇಶದಲ್ಲಿ ಕೆಲವು ತಿಂಗಳ ಮಟ್ಟಿಗೆ ಇಂಗ್ಲಿಷ್ ಕಲಿಸುವ ಕೆಲಸವನ್ನು ಕುರಿತವೇ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಪದವಿ ಮುಗಿದಿದೆ, ಪಾಠ ಮಾಡಿದ ಅನುಭವವಿಲ್ಲ. ಮುಂದಿನ ವ್ಯಾಸಂಗಕ್ಕೆ ಸೇರುವ ಮುನ್ನ ನಾಲ್ಕೈದು ತಿಂಗಳ ಬಿಡುವು ಸಿಗಲಿದೆ. ಅಷ್ಟು ಅವಧಿಗೆ ಹೊರದೇಶದಲ್ಲಿ ಇಂಗ್ಲಿಷ್ ಶಿಕ್ಷಕನ ಕೆಲಸ ದೊರೆಯುವುದೇ? ಎಲ್ಲಿಂದ ಆರಂಭಿಸಬೇಕು?

ಉತ್ತರ: ದೊರೆಯುತ್ತದೆ. ಆದರೆ ದೇಶವನ್ನು ಆರಿಸುವ ಮೊದಲು ಅಲ್ಲಿನ ಶಾಲೆಗಳು ಯಾವಾಗ ತೆರೆಯುತ್ತವೆ, ಯಾವಾಗ ಮುಚ್ಚುತ್ತವೆ ಎಂಬುದನ್ನು ನೋಡಿ. ನಾಲ್ಕೈದು ತಿಂಗಳು ಎಂಬುದು ನಿಮ್ಮ ಬಿಡುವಿನ ಲೆಕ್ಕ. ನೇಮಕ ಮಾಡಿಕೊಳ್ಳುವ ಶಾಲೆ ತನ್ನ ಶೈಕ್ಷಣಿಕ ಅವಧಿಯ ಲೆಕ್ಕದಲ್ಲಿ ಯೋಚಿಸುತ್ತದೆ. ಹೊಸ ಶಿಕ್ಷಕರೊಬ್ಬರಿಗೆ ವೀಸಾ ಮತ್ತು ಕೆಲಸದ ಪರವಾನಗಿ ಮಾಡಿಸಲು ಶಾಲೆಗೆ ಹಣವೂ ಬೇಕು, ವಾರಗಟ್ಟಲೆ ಕಚೇರಿಗಳ ಓಡಾಟವೂ ಬೇಕು. ಆದ್ದರಿಂದ ಆ ಶ್ರಮಕ್ಕೆ ತಕ್ಕಷ್ಟು ಕಾಲ ಉಳಿಯುವವರನ್ನೇ ಅದು ಹುಡುಕುತ್ತದೆ. ಹೊರದೇಶದ ಯುವಜನರನ್ನು ಶಾಲೆಗಳಿಗೆ ಕರೆಸಿಕೊಳ್ಳಲು ಜಪಾನ್ ಸರ್ಕಾರ 1987ರಲ್ಲಿ ಆರಂಭಿಸಿದ ಜೆಟ್ ಯೋಜನೆಯಾಗಲಿ, ದಕ್ಷಿಣ ಕೊರಿಯಾದ ಸರ್ಕಾರಿ ಶಾಲೆಗಳಿಗೆ ಶಿಕ್ಷಕರನ್ನು ಕರೆತರುವ ಎಪಿಕ್ ಯೋಜನೆಯಾಗಲಿ ಸಾಮಾನ್ಯವಾಗಿ ಒಂದು ವರ್ಷದ ಒಪ್ಪಂದವನ್ನೇ ಕೊಡುತ್ತವೆ. ಜೆಟ್‌ಗೆ ವರ್ಷದ ಕೊನೆಯ ತಿಂಗಳುಗಳಲ್ಲಿ ಅರ್ಜಿ ಹಾಕಿದವರು ವಿಮಾನ ಹತ್ತುವುದು ಮುಂದಿನ ಜುಲೈ ಅಥವಾ ಆಗಸ್ಟ್ ಹೊತ್ತಿಗೆ. ಹೆಸರು ಕೇಳಿದೊಡನೆ ಮನಸ್ಸಿಗೆ ಬರುವ ಈ ಎರಡೂ ಯೋಜನೆಗಳು ನಿಮ್ಮ ಬಿಡುವಿಗೆ ಹೊಂದುವುದಿಲ್ಲ.

ಹೊಂದುವ ಅವಕಾಶಗಳು ಬೇರೆ ಕಡೆ ಇವೆ. ಥಾಯ್ಲೆಂಡಿನ ಶಾಲೆಗಳ ವರ್ಷದಲ್ಲಿ ಎರಡು ಅವಧಿಗಳು: ಮೊದಲನೆಯದು ಮೇ ನಡುವಿನಿಂದ ಸುಮಾರು ಅಕ್ಟೋಬರ್ ಆರಂಭದವರೆಗೆ, ಎರಡನೆಯದು ನವೆಂಬರಿನಿಂದ ಮಾರ್ಚ್‌ವರೆಗೆ. ವರ್ಷದ ನಡುವೆ ಶಿಕ್ಷಕರು ಬಿಟ್ಟುಹೋಗುವುದು ಅಲ್ಲಿ ಸಾಮಾನ್ಯವಾದ್ದರಿಂದ, ನವೆಂಬರಿಗೆ ಸೇರಿ ಮಾರ್ಚ್‌ನಲ್ಲಿ ಬಿಡುವವರನ್ನು ತೆಗೆದುಕೊಳ್ಳಲು ಒಪ್ಪುವ ಶಾಲೆಗಳು ಸಿಗುತ್ತವೆ. ನಾಲ್ಕೈದು ತಿಂಗಳಿಗೆ ಇದಕ್ಕಿಂತ ಸರಿಹೊಂದುವ ಏರ್ಪಾಡನ್ನು ನಾನು ಕಂಡಿಲ್ಲ. ಸ್ಪೇನಿನ ಸರ್ಕಾರಿ ಶಾಲೆಗಳಲ್ಲಿ ಭಾಷಾ ಸಹಾಯಕರಾಗಿ ಅಕ್ಟೋಬರಿನಿಂದ ಮೇವರೆಗೆ ವಾರಕ್ಕೆ 12ರಿಂದ 16 ಗಂಟೆ ದುಡಿಯುವ ಯೋಜನೆಯಿದೆ. ಸಹಾಯಕರು ತರಗತಿಯ ಹೊಣೆ ಹೊರುವುದಿಲ್ಲ, ಖಾಯಂ ಶಿಕ್ಷಕರ ಜೊತೆಗೆ ನಿಂತು ಮಕ್ಕಳಿಂದ ಮಾತನಾಡಿಸುತ್ತಾರೆ. ಹಾಗಾಗಿ ಅನುಭವವಿಲ್ಲದವರಿಗೆ ಪಾಠ ಮಾಡುವುದನ್ನು ಕಲಿಯಲು ಇದು ನಿಜವಾಗಿಯೂ ಒಳ್ಳೆಯ ಜಾಗ. ಆದರೆ ಅದಕ್ಕೆ ಯಾವ ದೇಶದವರು ಅರ್ಜಿ ಹಾಕಬಹುದು ಎಂಬ ಪಟ್ಟಿಯನ್ನು ಆ ವರ್ಷದ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಬೇಕು. ಇನ್ನು ರಜಾ ಶಿಬಿರಗಳು. ಬ್ರಿಟನ್ನಿನ ವಸತಿ ಬೇಸಿಗೆ ಶಾಲೆಗಳು ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ನಡೆಯುತ್ತವೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ಆಟ ಮತ್ತು ಪ್ರವಾಸ, ರಾತ್ರಿ ಮಕ್ಕಳ ಮೇಲ್ವಿಚಾರಣೆ ಹೀಗೆ ಮೂರೂ ಹೊತ್ತಿನ ಕೆಲಸ ಅಲ್ಲಿರುತ್ತದೆ. ಅವರು ಸಾಮಾನ್ಯವಾಗಿ ತೆಗೆದುಕೊಳ್ಳುವುದು ಬ್ರಿಟನ್ನಿನಲ್ಲಿ ದುಡಿಯುವ ಹಕ್ಕು ಈಗಾಗಲೇ ಇರುವವರನ್ನು.

ನೀವು ಹೊರಡಬೇಕೆಂದಿರುವ ತಿಂಗಳಿನಿಂದ ಹಿಂದಕ್ಕೆ ಎಣಿಸಿ. ತರಬೇತಿಗೆ ಒಂದೆರಡು ತಿಂಗಳು, ಪದವಿಪತ್ರ ಮತ್ತು ಪೊಲೀಸ್ ಪ್ರಮಾಣಪತ್ರಗಳ ದೃಢೀಕರಣಕ್ಕೆ ಒಂದೂವರೆ ಎರಡು ತಿಂಗಳು, ಸಂದರ್ಶನ ಮತ್ತು ವೀಸಾಕ್ಕೆ ಮತ್ತೆ ಅಷ್ಟೇ ಕಾಲ. ಕಡೆಯ ಎರಡನ್ನು ಒಟ್ಟಿಗೆ ನಡೆಸಬಹುದಾದರೂ, ಐದು ತಿಂಗಳ ಕೆಲಸಕ್ಕೆ ಸುಮಾರು ಐದು ತಿಂಗಳ ಸಿದ್ಧತೆ ಬೇಕು ಎಂದೇ ಇಟ್ಟುಕೊಳ್ಳಿ. ಇದು ದುಬಾರಿ ಎನಿಸಿದರೆ, ಒಂದು ವರ್ಷ ಉಳಿಯುವ ಬಗ್ಗೆ ಈಗಲೇ ಯೋಚಿಸುವುದು ಲೇಸು.

ಪ್ರಶ್ನೆ: ಇಂಗ್ಲಿಷ್ ನನ್ನ ಮಾತೃಭಾಷೆಯಲ್ಲ, ಆದರೆ ಚೆನ್ನಾಗಿ ಬರುತ್ತದೆ. ಬಹಳಷ್ಟು ಜಾಹೀರಾತುಗಳಲ್ಲಿ ‘ಇಂಗ್ಲಿಷ್ ಮಾತೃಭಾಷೆಯವರು ಮಾತ್ರ’ ಎಂದು ಬರೆದಿರುತ್ತಾರೆ. ನಾನು ಪ್ರಯತ್ನಿಸುವುದರಲ್ಲಿ ಅರ್ಥವಿದೆಯೇ?

ಉತ್ತರ: ಆ ಸಾಲಿನ ಹಿಂದೆ ಎರಡು ಬೇರೆ ಬೇರೆ ಸಂಗತಿಗಳು ಇರುತ್ತವೆ. ಅವನ್ನು ಬೇರ್ಪಡಿಸಿ ನೋಡಿದರೆ ನಿಮ್ಮ ಸಮಯ ಉಳಿಯುತ್ತದೆ.

ಮೊದಲನೆಯದು ಸರ್ಕಾರದ ನಿಯಮ. ದಕ್ಷಿಣ ಕೊರಿಯಾ ಇಂಗ್ಲಿಷ್ ಬೋಧನೆಗೆ ಕೊಡುವ ಇ-2 ವೀಸಾ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳ ಪೌರರಿಗೆ ಮೀಸಲು. ವ್ಯಾಪಾರ ಒಪ್ಪಂದಗಳ ಅಡಿಯಲ್ಲಿ ಅಧಿಕೃತ ಶಿಕ್ಷಕ ಅರ್ಹತೆ ಇರುವ ಕೆಲವರಿಗೆ ಸರ್ಕಾರಿ ಶಾಲೆಗಳಲ್ಲಿ ವಿನಾಯಿತಿ ಇದ್ದರೂ, ಹೊಸಬರಿಗೆ ಅದರಿಂದ ಪ್ರಯೋಜನವಿಲ್ಲ. ಚೀನಾದ ಕೆಲಸದ ಪರವಾನಗಿಯ ನಿಯಮವೂ ಇದೇ ಜಾಡಿನದು. ಅಲ್ಲದೆ 2021ರ ಜುಲೈನಲ್ಲಿ ಆ ದೇಶ ಶಾಲಾ ಮಕ್ಕಳ ಖಾಸಗಿ ಪಾಠದ ಉದ್ಯಮಕ್ಕೆ ಕಡಿವಾಣ ಹಾಕಿದ ಮೇಲೆ ಹೊಸಬರು ಹೋಗಿ ಸೇರುತ್ತಿದ್ದ ಎಷ್ಟೋ ಸಂಸ್ಥೆಗಳು ಮುಚ್ಚಿಹೋಗಿವೆ. ಪಾಸ್‌ಪೋರ್ಟೇ ಅಡ್ಡ ಬರುವಲ್ಲಿ ನಿಮ್ಮ ಇಂಗ್ಲಿಷ್ ಎಷ್ಟೇ ಚೆನ್ನಾಗಿದ್ದರೂ ಶಾಲೆ ಏನೂ ಮಾಡಲಾರದು. ಅಲ್ಲಿಗೆ ಅರ್ಜಿ ಹಾಕಬೇಡಿ.

ಎರಡನೆಯದು ಶಾಲೆಯ ರೂಢಿ, ಅಥವಾ ಪೋಷಕರಿಗೆ ಅಂಜಿ ಇಟ್ಟುಕೊಂಡ ಷರತ್ತು. ಇದು ಬಾಗುತ್ತದೆ. ಇಂಗ್ಲಿಷ್ ಬೋಧಕರ ಅಂತರರಾಷ್ಟ್ರೀಯ ಸಂಘವಾದ ಟೆಸಾಲ್, ಮಾತೃಭಾಷೆಯ ಆಧಾರದ ಮೇಲೆ ಶಿಕ್ಷಕರಲ್ಲಿ ಭೇದ ಎಣಿಸುವುದನ್ನು ವಿರೋಧಿಸಿ 2006ರಲ್ಲಿಯೇ ನಿಲುವು ಪ್ರಕಟಿಸಿದೆ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವರು ಎಲ್ಲಿ ಎಡವಿದ್ದೇವೆ, ಹೇಗೆ ಎದ್ದೆವು ಎಂಬುದನ್ನು ಬಲ್ಲವರು. ವ್ಯಾಕರಣದ ಒಂದು ತೊಡಕನ್ನು ಬಿಡಿಸಿ ಹೇಳುವಾಗ ಅದು ದೊಡ್ಡ ಬಲ ಎಂದು ನಾನು ಮನಸಾರೆ ನಂಬಿದ್ದೇನೆ. ಆದರೆ ಶಾಲೆಯ ಮುಂದೆ ಈ ನಂಬಿಕೆ ಸಾಲದು, ದಾಖಲೆ ಬೇಕು. ಥಾಯ್ಲೆಂಡಿನಲ್ಲಿ ಇಂಗ್ಲಿಷ್ ಮಾತೃಭಾಷೆಯಲ್ಲದ ಶಿಕ್ಷಕರಿಂದ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 600 ಅಂಕಗಳನ್ನು ಕೇಳುತ್ತಾರೆ. ಜಪಾನಿನ ಶಾಲೆಗಳಿಗೆ ಸಹಾಯಕ ಶಿಕ್ಷಕರನ್ನು ಒದಗಿಸುವ ಕಂಪನಿಗಳು ಹನ್ನೆರಡು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ದಾಖಲೆ ಕೇಳುತ್ತವೆ. ಉಳಿದೆಡೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 7 ಅಥವಾ ಅದಕ್ಕಿಂತ ಹೆಚ್ಚು ಬಂದಿದ್ದರೆ, ಭಾಷಾ ಸಾಮರ್ಥ್ಯದ ಯುರೋಪಿನ ಅಳತೆಗೋಲಿನ ಸಿ1, ಅಂದರೆ ಪ್ರೌಢ ಮಟ್ಟ ಎಂದು ಒಪ್ಪುತ್ತಾರೆ. ಆ ಫಲಿತಾಂಶಕ್ಕೆ ಎರಡೇ ವರ್ಷ ಮಾನ್ಯತೆ ಇರುವುದರಿಂದ, ಬಹಳ ಮುಂಚೆ ಬರೆದು ಇಟ್ಟುಕೊಂಡರೆ ವ್ಯರ್ಥ.

ಪ್ರಶ್ನೆ: 120 ಗಂಟೆಗಳ ಟೆಫಲ್ (ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ ತರಬೇತಿ) ಪ್ರಮಾಣಪತ್ರವನ್ನು ಆನ್‌ಲೈನ್‌ನಲ್ಲಿ ಬಹಳ ಅಗ್ಗವಾಗಿ ಕೊಡುತ್ತಾರೆ. ಇಂಗ್ಲಿಷ್ ಬೋಧಕರಿಗಾಗಿ ಕೇಂಬ್ರಿಜ್ ಕೊಡುವ ಸೆಲ್ಟಾ ಪ್ರಮಾಣಪತ್ರಕ್ಕೆ ಅದರ ಎಷ್ಟೋ ಪಟ್ಟು ಹಣ. ಕೆಲವೇ ತಿಂಗಳ ಕೆಲಸಕ್ಕೆ ಯಾವುದು ಸಾಕು?

ಉತ್ತರ: ವೀಸಾ ಕಚೇರಿಗೆ ಒಂದು ಕಾಗದ ತೋರಿಸುವುದಷ್ಟೇ ಉದ್ದೇಶವಾದರೆ ಅನೇಕ ಕಡೆ ಅಗ್ಗದ ಪ್ರಮಾಣಪತ್ರವೂ ನಡೆಯುತ್ತದೆ. ತರಗತಿಯ ಎದುರು ನಿಂತಾಗ ಅದು ನೆರವಿಗೆ ಬರುವುದಿಲ್ಲ. ಟೆಫಲ್ ಎಂಬ ಹೆಸರಿಗೆ ಜಗತ್ತಿನಲ್ಲಿ ಒಡೆಯರಿಲ್ಲ. ಯಾರು ಬೇಕಾದರೂ ಆ ಹೆಸರಿನಲ್ಲಿ ತರಬೇತಿ ನಡೆಸಬಹುದು, ಮಾನ್ಯತೆ ಕೊಡುವ ಮಂಡಳಿಯನ್ನೂ ತಾವೇ ಕಟ್ಟಿಕೊಳ್ಳಬಹುದು. ಹಾಗಾಗಿ ಗಂಟೆಗಳ ಸಂಖ್ಯೆಯನ್ನು ನೋಡಬೇಡಿ. ನಿಜವಾದ ಕಲಿಯುವವರ ಎದುರು ನೀವು ಪಾಠ ಮಾಡುತ್ತೀರೋ, ಅದನ್ನು ಅನುಭವಿಯೊಬ್ಬರು ಕೂತು ನೋಡಿ ತಿದ್ದುತ್ತಾರೋ ಎಂದು ಕೇಳಿ. ಕೇಂಬ್ರಿಜ್‌ನ ಸೆಲ್ಟಾದಲ್ಲಿಯೂ ಅದೇ ಬಗೆಯ, ಟ್ರಿನಿಟಿ ಕಾಲೇಜ್ ಲಂಡನ್ ಸಂಸ್ಥೆಯ ಸರ್ಟ್‌ಟೆಸಾಲ್‌ನಲ್ಲಿಯೂ ಹೀಗೆ ಪರಿಶೀಲಿಸಿದ ಆರು ಗಂಟೆಗಳ ಪಾಠ ಕಡ್ಡಾಯ. ಎರಡನ್ನೂ ಪೂರ್ಣಕಾಲಿಕವಾಗಿ ಮಾಡಿದರೆ ನಾಲ್ಕೈದು ವಾರ ಹಿಡಿಯುತ್ತದೆ, ಮತ್ತು ಆ ವಾರಗಳಲ್ಲಿ ನಿದ್ದೆಗೆ ಸಮಯ ಸಾಲುವುದಿಲ್ಲ.

ಆರು ಗಂಟೆಗಳು ಕಡಿಮೆ ಎನಿಸಬಹುದು. ಆ ಗಂಟೆಗಳಲ್ಲಿ ಕಲಿಯುವುದು ಎಂಥದು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹೊಸ ಶಿಕ್ಷಕ ತರಗತಿಗೆ ಬಂದೊಡನೆ ಅಭ್ಯಾಸದ ಹಾಳೆಗಳನ್ನು ಹಂಚುತ್ತಾನೆ. ಆಮೇಲೆ ಏನು ಮಾಡಬೇಕೆಂದು ವಿವರಿಸತೊಡಗುತ್ತಾನೆ. ಅಷ್ಟರಲ್ಲಿ ಇಪ್ಪತ್ತು ತಲೆಗಳು ಹಾಳೆಯ ಮೇಲೆ ಬಗ್ಗಿರುತ್ತವೆ, ಒಬ್ಬರೂ ಕೇಳುತ್ತಿರುವುದಿಲ್ಲ. ತರಬೇತುದಾರರು ತಿದ್ದುವುದು ಹೀಗೆ: ಹಾಳೆಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ತೋರಿಸಿ, ಎರಡು ಸಣ್ಣ ವಾಕ್ಯಗಳಲ್ಲಿ ಕೆಲಸ ಹೇಳಿ, ಮೊದಲನೆಯ ಪ್ರಶ್ನೆಯನ್ನು ಎಲ್ಲರೂ ಸೇರಿ ಬಿಡಿಸಿ, ‘ಬರೆಯಬೇಕೋ ಮಾತನಾಡಬೇಕೋ? ಒಬ್ಬರೇ ಮಾಡಬೇಕೋ, ಇಬ್ಬರು ಸೇರಿಯೋ?’ ಎಂದು ಮರಳಿ ಕೇಳಿ, ಜೋಡಿಗಳನ್ನು ಮಾಡಿ, ಎಲ್ಲಕ್ಕಿಂತ ಕೊನೆಗೆ ಹಾಳೆ ಕೊಡಿ. ‘ಅರ್ಥವಾಯಿತೇ?’ ಎಂಬ ಪ್ರಶ್ನೆಯನ್ನಂತೂ ಕೇಳಲೇಬೇಡಿ, ಏಕೆಂದರೆ ಅರ್ಥವಾಗದವರೂ ಹೌದು ಎನ್ನುತ್ತಾರೆ. ಓದಿದರೆ ಇದು ಕ್ಷಣದಲ್ಲಿ ತಿಳಿಯುತ್ತದೆ. ಕೈಗೆ ಹತ್ತಬೇಕಾದರೆ ಯಾರಾದರೂ ನಿಮ್ಮನ್ನು ನೋಡುತ್ತಿರಬೇಕು.

ಸೆಲ್ಟಾದಷ್ಟು ಹಣ ಹಾಕಲಾಗದಿದ್ದರೆ ಆನ್‌ಲೈನ್ ತರಬೇತಿಯನ್ನೇ ಮಾಡಿ, ಅದರ ಜೊತೆಗೆ ನಿಮಗೆ ತಿಳಿದಿರುವ ಯಾವುದಾದರೂ ಶಾಲೆಯಲ್ಲಿ ಅಥವಾ ವಯಸ್ಕರ ಕಲಿಕಾ ಕೇಂದ್ರದಲ್ಲಿ ಎರಡು ತಿಂಗಳು ಉಚಿತವಾಗಿ ಪಾಠ ಮಾಡಿ, ಅದರ ಪತ್ರ ಬರೆಸಿಕೊಳ್ಳಿ. ನೇಮಕ ಮಾಡುವವರು ಅದನ್ನು ಗಮನವಿಟ್ಟು ಓದುತ್ತಾರೆ.

ಪ್ರಶ್ನೆ: ಒಬ್ಬ ಏಜೆಂಟರು ‘ಪ್ರವಾಸಿ ವೀಸಾದಲ್ಲಿ ಬಂದುಬಿಡಿ, ಸೇರಿದ ಮೇಲೆ ಬದಲಾಯಿಸಿಕೊಳ್ಳೋಣ’ ಎನ್ನುತ್ತಿದ್ದಾರೆ. ಮೂರು ತಿಂಗಳ ಕೆಲಸಕ್ಕೆ ಕೆಲಸದ ವೀಸಾ ಬೇಕೇ ಬೇಕೇ?

ಉತ್ತರ: ಬೇಕು. ಅವಧಿ ಕಡಿಮೆ ಎಂಬ ಕಾರಣಕ್ಕೆ ಪ್ರವಾಸಿ ವೀಸಾದಲ್ಲಿ ದುಡಿಯುವುದು ಸಕ್ರಮವಾಗುವುದಿಲ್ಲ. ಸಿಕ್ಕಿಬಿದ್ದರೆ ದಂಡ, ಗಡೀಪಾರು, ಮತ್ತೆ ಕೆಲವು ವರ್ಷ ಆ ದೇಶಕ್ಕೆ ಕಾಲಿಡದಂತೆ ನಿರ್ಬಂಧ ಇವೆಲ್ಲ ಬೀಳುವುದು ನಿಮ್ಮ ಮೇಲೆ. ಏಜೆಂಟರ ಮೇಲೆ ಅಲ್ಲ. ಅದಕ್ಕಿಂತ ಹೆಚ್ಚಿನ ಕಷ್ಟ ಇನ್ನೊಂದಿದೆ. ಅಕ್ರಮವಾಗಿ ದುಡಿಯುವವರಿಗೆ ಸಂಬಳ ಕೊಡದಿದ್ದರೆ ಅವರು ಯಾವ ಕಚೇರಿಗೂ ದೂರು ಕೊಡಲಾರರು, ಮತ್ತು ಇದು ಸಂಬಳ ಕೊಡದವರಿಗೆ ಚೆನ್ನಾಗಿ ತಿಳಿದಿರುತ್ತದೆ.

ದೇಶದೊಳಗೆ ಹೋದ ಮೇಲೆ ವೀಸಾದ ಬಗೆಯನ್ನು ಬದಲಾಯಿಸಲು ಕೆಲವು ದೇಶಗಳಲ್ಲಿ ಕಾನೂನೇ ಅವಕಾಶ ಕೊಡುತ್ತದೆ ಎಂಬುದು ನಿಜ. ಹಾಗೆ ಹೇಳುವ ಶಾಲೆಯಿದ್ದರೆ, ಬದಲಾವಣೆ ಮುಗಿಯುವವರೆಗೆ ಪಾಠ ಮಾಡಬೇಕಾಗಿಲ್ಲ ಎಂದು ಬರೆದುಕೊಡಲು ಕೇಳಿ. ಬರೆದುಕೊಡಲು ಹಿಂಜರಿದರೆ ವಿಷಯ ಅಲ್ಲಿಗೆ ಮುಗಿಯಿತು. ಥಾಯ್ಲೆಂಡಿನಲ್ಲಿ ಶಿಕ್ಷಕರಿಗೆ ನಾನ್-ಇಮಿಗ್ರಂಟ್ ಬಿ ವೀಸಾ, ಕೆಲಸದ ಪರವಾನಗಿ, ಶಾಲೆಗಳಲ್ಲಿ ಪಾಠ ಮಾಡಲು ಶಿಕ್ಷಕರ ಮಂಡಳಿಯ ಅನುಮತಿ ಹೀಗೆ ಮೂರು ಹಂತಗಳಿವೆ. ವಿಯೆಟ್ನಾಮಿನಲ್ಲಿ ಪದವಿ, ಬೋಧನೆಯ ಪ್ರಮಾಣಪತ್ರ ಮತ್ತು ಪೊಲೀಸ್ ಪ್ರಮಾಣಪತ್ರ ಮೂರೂ ದೃಢೀಕರಣಗೊಂಡಿರಬೇಕು. ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶದಲ್ಲಿ ಮಾನ್ಯವಾಗಿಸುವ ಅಪಾಸ್ಟಿಲ್ ಮುದ್ರೆಯನ್ನು ಚೀನಾ 2023ರ ನವೆಂಬರ್ 7ರಿಂದ ಒಪ್ಪುತ್ತಿರುವುದರಿಂದ ಅಲ್ಲಿಗೆ ಹೋಗಬಲ್ಲವರಿಗೆ ಒಂದು ಸುತ್ತು ಕಡಿಮೆಯಾಗಿದೆ. ಪೊಲೀಸ್ ಪ್ರಮಾಣಪತ್ರ ಹಳೆಯದಾಗಿರಬಾರದು. ಸಾಮಾನ್ಯವಾಗಿ ಆರು ತಿಂಗಳೊಳಗಿನದನ್ನೇ ಕೇಳುತ್ತಾರೆ. ಇಷ್ಟೆಲ್ಲ ಕೇಳದೆ ನಿಮ್ಮನ್ನು ಮಕ್ಕಳ ನಡುವೆ ಬಿಡುವ ಶಾಲೆ ಇನ್ನಾರನ್ನು ಬಿಟ್ಟಿರಬಹುದು ಎಂಬುದನ್ನೂ ಯೋಚಿಸಿ.

ಏಜೆಂಟರ ವಿಚಾರವಾಗಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಇತ್ತೀಚಿನ ವರ್ಷಗಳಲ್ಲಿ ಇಂಗ್ಲಿಷ್ ಬಲ್ಲ ಯುವಜನರನ್ನು ಒಳ್ಳೆಯ ಸಂಬಳದ ಆಸೆ ತೋರಿಸಿ ಬ್ಯಾಂಕಾಕಿಗೆ ಕರೆಸಿಕೊಂಡು, ಅಲ್ಲಿಂದ ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಾಡಿ ಸುತ್ತಮುತ್ತ ಆನ್‌ಲೈನ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳು ಅನೇಕ ದೇಶಗಳವರಿಗೆ ಆಗಿವೆ. ಕಾಂಬೋಡಿಯಾದಲ್ಲಿಯೂ ಇಂಥವು ನಡೆದಿವೆ. ಶಾಲೆಯ ಹೆಸರು ಮತ್ತು ವಿಳಾಸ ಹೇಳದ, ಶಾಲೆಯಲ್ಲಿ ಈಗ ಪಾಠ ಮಾಡುತ್ತಿರುವ ಒಬ್ಬ ಶಿಕ್ಷಕರೊಂದಿಗೆ ಮಾತನಾಡಲು ಬಿಡದ, ಅನುಭವವಿಲ್ಲದವರಿಗೆ ಭಾರಿ ಸಂಬಳ ಕೊಡುತ್ತೇನೆನ್ನುವ, ಕೆಲಸ ಕೊಡಿಸಲು ನಿಮ್ಮಿಂದಲೇ ಹಣ ಕೇಳುವ ಯಾರನ್ನೂ ನಂಬಬೇಡಿ. ಟೆಫಲ್ ಡಾಟ್ ಕಾಮ್, ಡೇವ್ಸ್ ಇಎಸ್‌ಎಲ್ ಕೆಫೆ, ಥಾಯ್ಲೆಂಡಿಗೆ ಅಜಾರ್ನ್ ಇಂಥ ತಾಣಗಳಲ್ಲಿ ಶಾಲೆಗಳು ನೇರವಾಗಿಯೇ ಜಾಹೀರಾತು ಹಾಕುತ್ತವೆ. ಅಲ್ಲಿ ಕಂಡದ್ದನ್ನೂ ನೀವೇ ವಿಚಾರಿಸಿ ನೋಡಬೇಕು. ವಿಚಾರಿಸಲು ಒಂದು ಹೆಸರಾದರೂ ಇರುತ್ತದೆ ಎಂಬುದೇ ಅವುಗಳ ಅನುಕೂಲ.

ಪ್ರಶ್ನೆ: ಅನುಭವವಿಲ್ಲದ್ದರಿಂದ ಮೊದಲು ಸ್ವಯಂಸೇವಕಳಾಗಿ ಅನಾಥಾಲಯವೊಂದರಲ್ಲಿ ಇಂಗ್ಲಿಷ್ ಕಲಿಸೋಣವೆಂದಿದ್ದೇನೆ. ಎರಡು ವಾರಕ್ಕೆ ಅವರೇ ಶುಲ್ಕ ಕೇಳುತ್ತಿದ್ದಾರೆ. ಹೋಗಬಹುದೇ?

ಉತ್ತರ: ಹೋಗಬೇಡಿ ಎಂದು ನೇರವಾಗಿ ಹೇಳುತ್ತೇನೆ. ನಿಮ್ಮ ಉದ್ದೇಶ ಒಳ್ಳೆಯದೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸ್ವಯಂಸೇವಕರ ಶುಲ್ಕ ಬರುತ್ತದೆ ಎಂಬ ಕಾರಣಕ್ಕಾಗಿಯೇ ಮಕ್ಕಳನ್ನು ಮನೆಗಳಿಂದ ತಂದು ತುಂಬಿಸಿಕೊಂಡ ಅನಾಥಾಲಯಗಳು ಕಾಂಬೋಡಿಯಾದಂಥ ದೇಶಗಳಲ್ಲಿ ಬೆಳೆದವು. ಅಲ್ಲಿನ ಬಹುಪಾಲು ಮಕ್ಕಳಿಗೆ ಹೆತ್ತವರಲ್ಲಿ ಒಬ್ಬರಾದರೂ ಬದುಕಿದ್ದಾರೆಂಬುದು ಬೆಳಕಿಗೆ ಬಂದ ಮೇಲೆ ಇದರ ವಿರುದ್ಧ ದೊಡ್ಡ ಪ್ರಚಾರವೇ ನಡೆಯಿತು. ಎರಡೆರಡು ವಾರಕ್ಕೊಬ್ಬರು ಬಂದು ಅಕ್ಷರಮಾಲೆಯನ್ನು ಮತ್ತೆ ಮೊದಲಿನಿಂದ ಹಾಡಿಸಿ ಹೋದರೆ ಮಗು ಕಲಿಯುವುದೇನೂ ಇಲ್ಲ. ಹಚ್ಚಿಕೊಂಡವರು ಹೊರಟುಹೋಗುತ್ತಾರೆಂಬುದನ್ನು ಮಾತ್ರ ಮತ್ತೆ ಮತ್ತೆ ಅನುಭವಿಸುತ್ತದೆ.

ಸಂಬಳವಿಲ್ಲದೆ ದುಡಿಯಬೇಕೆಂದೇ ಇದ್ದರೆ ವಯಸ್ಕರಿಗೆ ಕಲಿಸುವ ಕೇಂದ್ರವನ್ನೋ, ಸ್ಥಳೀಯ ಶಿಕ್ಷಕರ ಜೊತೆಗೆ ನಿಲ್ಲಿಸುವ ಶಾಲೆಯನ್ನೋ ಹುಡುಕಿ, ಮತ್ತು ವೀಸಾದ ನಿಯಮ ಕೇಳಿಕೊಳ್ಳಿ. ಅನೇಕ ದೇಶಗಳ ಕಾನೂನಿನಲ್ಲಿ ಸಂಬಳವಿಲ್ಲದ ಕೆಲಸವೂ ಕೆಲಸವೇ.

ಪ್ರಶ್ನೆ: ಆನ್‌ಲೈನ್ ಸಂದರ್ಶನದಲ್ಲಿ ಹತ್ತು ನಿಮಿಷದ ಮಾದರಿ ಪಾಠ ಮಾಡಲು ಹೇಳಿದ್ದಾರೆ. ಏನನ್ನು ಸಿದ್ಧಪಡಿಸಿಕೊಳ್ಳಲಿ?

ಉತ್ತರ: ಬಹಳ ಚಿಕ್ಕದನ್ನು. ಇಡೀ ಭೂತಕಾಲವನ್ನು ಕಲಿಸಲು ಹೊರಟವರು ಹತ್ತು ನಿಮಿಷವೂ ತಾವೇ ಮಾತನಾಡಿ ಮುಗಿಸುತ್ತಾರೆ. ‘ಯೂಸ್ಡ್ ಟು’ ಎಂಬ ಒಂದೇ ರಚನೆಯನ್ನು ಎತ್ತಿಕೊಳ್ಳಿ. ಒಬ್ಬ ಮನುಷ್ಯನ ಹಳೆಯ ಚಿತ್ರ, ಈಗಿನ ಚಿತ್ರ ಎರಡನ್ನೂ ತೋರಿಸಿ. ‘ಹಿ ಯೂಸ್ಡ್ ಟು ಸ್ಮೋಕ್’ ಎಂದು ಹೇಳಿ, ಅವರಿಂದಲೂ ಹೇಳಿಸಿ. ಆಮೇಲೆ ಕೇಳಿ: ಮೊದಲು ಸೇದುತ್ತಿದ್ದನೇ? ಒಂದೇ ಸಲವೋ, ಪದೇ ಪದೇಯೋ? ಈಗ ಸೇದುತ್ತಾನೆಯೇ? ಮೂರು ಉತ್ತರಗಳೂ ಸರಿಯಾಗಿ ಬಂದರೆ ಅರ್ಥ ತಲುಪಿದೆ. ಉಳಿದ ಸಮಯದಲ್ಲಿ ಸಂದರ್ಶಕರು ತಮ್ಮ ಬಾಲ್ಯದ ಬಗ್ಗೆ ಅದೇ ರಚನೆಯಲ್ಲಿ ಎರಡು ವಾಕ್ಯ ಹೇಳುವಂತೆ ಮಾಡಿ. ನಿಮ್ಮ ಮಾತು ಅರ್ಧಕ್ಕಿಂತ ಕಡಿಮೆ ಇರಲಿ, ಅವರದು ಹೆಚ್ಚಿರಲಿ. ಅವರು ತೂಗಿ ನೋಡುವುದು ಇದನ್ನೇ. ನಡುವೆ ಅವರು ಬೇಕೆಂದೇ ಒಂದು ತಪ್ಪು ಮಾಡಬಹುದು. ಮಾತು ತುಂಡರಿಸದೆ ವಾಕ್ಯ ಮುಗಿಯುವವರೆಗೆ ಕಾದು, ತಪ್ಪಿದ ಜಾಗವನ್ನು ಬೆರಳಿನಿಂದ ಸೂಚಿಸಿ, ಅವರೇ ತಿದ್ದಿಕೊಳ್ಳಲು ಬಿಡಿ.

ಪ್ರಶ್ನೆ: ಒಪ್ಪಂದಪತ್ರ ಬಂದಿದೆ. ಸಹಿ ಹಾಕುವ ಮೊದಲು ಏನೇನು ನೋಡಬೇಕು?

ಉತ್ತರ: ಪಾಠದ ಗಂಟೆಗಳನ್ನೂ ಶಾಲೆಯಲ್ಲಿ ಇರಬೇಕಾದ ಗಂಟೆಗಳನ್ನೂ ಬೇರೆ ಬೇರೆಯಾಗಿ ಬರೆದಿದ್ದಾರೆಯೇ ನೋಡಿ. ವಾರಕ್ಕೆ 20ರಿಂದ 25 ಗಂಟೆ ಪಾಠವೆಂದರೆ ಹೊಸಬರಿಗೆ ಪೂರ್ತಿ ಕೆಲಸ, ಏಕೆಂದರೆ ಒಂದು ಗಂಟೆಯ ಪಾಠಕ್ಕೆ ಮೊದಮೊದಲು ಒಂದು ಗಂಟೆಯ ಸಿದ್ಧತೆ ಹಿಡಿಯುತ್ತದೆ. ವೀಸಾ ಖರ್ಚು ಯಾರದು, ನಡುವಿನ ರಜೆಗೆ ಸಂಬಳ ಉಂಟೇ, ಆರೋಗ್ಯ ವಿಮೆ ಇದೆಯೇ, ಬೇಗ ಬಿಟ್ಟರೆ ಏನನ್ನು ಹಿಡಿದುಕೊಳ್ಳುತ್ತಾರೆ ಎಂಬ ನಾಲ್ಕೂ ಕಾಗದದ ಮೇಲಿರಬೇಕು. ಮೂಲ ಪಾಸ್‌ಪೋರ್ಟನ್ನು ಶಾಲೆಯಲ್ಲಿ ಇಟ್ಟುಕೊಳ್ಳುವ ಷರತ್ತಿದ್ದರೆ ಸಹಿ ಹಾಕಬೇಡಿ. ಮೊದಲ ಸಂಬಳ ಕೈಗೆ ಬರುವುದು ಸೇರಿದ ನಾಲ್ಕಾರು ವಾರದ ಮೇಲೆ. ಬಾಡಿಗೆಗೆ ಮುಂಗಡವೂ ಬೇಕಾಗುವುದರಿಂದ ಎರಡು ತಿಂಗಳ ಖರ್ಚನ್ನೂ ಹಿಂದಿರುಗುವ ಟಿಕೆಟ್ಟಿನ ಹಣವನ್ನೂ ಜೊತೆಗಿಟ್ಟುಕೊಂಡು ಹೊರಡಿ. ಕೆಲವು ತಿಂಗಳ ಬೋಧನೆಯಿಂದ ಉಳಿತಾಯವಾಗುತ್ತದೆ ಎಂದು ಲೆಕ್ಕ ಹಾಕಬೇಡಿ. ಹೋಗಿ ಬಂದ ಖರ್ಚು ಹುಟ್ಟಿದರೆ ಅದೇ ಒಳ್ಳೆಯ ಫಲ.

ಪ್ರಶ್ನೆ: ಇಷ್ಟು ಅಲ್ಪ ಅವಧಿಯಲ್ಲಿ ಮಕ್ಕಳಿಗೆ ನಿಜವಾಗಿ ಏನಾದರೂ ಕಲಿಸಲು ಸಾಧ್ಯವೇ? ನಡುವೆ ಬಂದು ನಡುವೆ ಹೋಗುವುದು ಅವರಿಗೆ ಅನ್ಯಾಯವಲ್ಲವೇ?

ಉತ್ತರ: ಬಂದ ಪತ್ರಗಳಲ್ಲಿ ಮಕ್ಕಳ ಕಡೆಯಿಂದ ಕೇಳಿದ ಪ್ರಶ್ನೆ ಇದೊಂದೇ. ನಿಮಗೆ ವಿಶೇಷವಾಗಿ ವಂದನೆಗಳು.

ಸಾಧ್ಯ, ಆದರೆ ಎಲ್ಲವನ್ನೂ ಅಲ್ಲ. ಹೊರದೇಶದ ಶಿಕ್ಷಕರು ಬರುವ ಬಹುತೇಕ ಶಾಲೆಗಳಲ್ಲಿ ವ್ಯಾಕರಣ ಮತ್ತು ಪರೀಕ್ಷೆಯ ಪಾಠವನ್ನು ಸ್ಥಳೀಯ ಶಿಕ್ಷಕರು ನೋಡಿಕೊಳ್ಳುತ್ತಿರುತ್ತಾರೆ, ಮತ್ತು ಆ ಕೆಲಸವನ್ನು ಅವರು ನಿಮಗಿಂತ ಚೆನ್ನಾಗಿ ಮಾಡುತ್ತಾರೆ. ನಿಮ್ಮ ಪಾಲಿಗೆ ಉಳಿಯುವುದು ಮಾತು ಮತ್ತು ಆಲಿಸುವಿಕೆ. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರೆ ಒಂದು ಮಗುವಿನ ಪಾಲಿಗೆ ಒಂದು ನಿಮಿಷವೂ ಬರುವುದಿಲ್ಲ. ಜೋಡಿ ಮಾಡಿ ಬಿಟ್ಟರೆ ಐದು ನಿಮಿಷದಲ್ಲಿ ಎಲ್ಲರೂ ಮಾತನಾಡಿರುತ್ತಾರೆ. ಗದ್ದಲವಾಗುತ್ತದೆ, ಪಕ್ಕದ ಕೋಣೆಯವರು ಬಂದು ನೋಡುತ್ತಾರೆ. ಮೊದಲೇ ಅವರಿಗೆ ತಿಳಿಸಿಟ್ಟಿರಿ. ಸೇರಿದ ವಾರವೇ ಸ್ಥಳೀಯ ಶಿಕ್ಷಕರ ಬಳಿ ಕುಳಿತು ಈ ಅವಧಿಯ ಪಾಠಗಳು ಯಾವುವು ಎಂದು ಕೇಳಿ, ನಿಮ್ಮ ಮಾತಿನ ಅಭ್ಯಾಸಗಳನ್ನು ಆ ಪಾಠಗಳಿಗೇ ಹೊಂದಿಸಿ. ಬೇರೆ ದಿಕ್ಕಿಗೆ ಎಳೆದರೆ ನೀವು ಹೋದ ಮರುದಿನವೇ ಎಲ್ಲ ಮರೆತುಹೋಗುತ್ತದೆ.

ನೀವು ಯಾವ ದಿನ ಹೊರಡುತ್ತೀರೆಂಬುದನ್ನು ಮಕ್ಕಳಿಗೆ ಆರಂಭದಲ್ಲಿಯೇ ಹೇಳಿ, ಶಾಲೆಗೂ ಮರೆಮಾಚಬೇಡಿ. ಒಂದು ವರ್ಷ ಇರುತ್ತೇನೆಂದು ಹೇಳಿ ಅವಧಿಯ ನಡುವೆ ಬಿಟ್ಟುಬರುವುದೇ ನಿಜವಾದ ಅನ್ಯಾಯ. ಕೊನೆಯ ವಾರದಲ್ಲಿ ಮುಂದಿನ ಶಿಕ್ಷಕರಿಗಾಗಿ ತರಗತಿಗೊಂದರಂತೆ ಟಿಪ್ಪಣಿ ಬರೆದಿಡಿ. ಯಾವ ಪುಟದವರೆಗೆ ಆಗಿದೆ, ಯಾವ ಆಟ ನಡೆಯುತ್ತದೆ ಯಾವುದು ನಡೆಯುವುದಿಲ್ಲ, ಯಾವ ಮಗು ಬರೆದು ತೋರಿಸುತ್ತದೆ ಆದರೆ ಬಾಯಿ ಬಿಡುವುದಿಲ್ಲ, ಯಾರನ್ನು ಯಾರ ಪಕ್ಕದಲ್ಲಿ ಕೂರಿಸಬೇಕು, ಇವೆಲ್ಲ ಅದರಲ್ಲಿರಲಿ. ಅದನ್ನು ಸ್ಥಳೀಯ ಶಿಕ್ಷಕರ ಕೈಗೇ ಕೊಡಿ. ಅದೇ ವಾರ ಶಾಲೆಯಿಂದ ಅನುಭವದ ಪತ್ರವನ್ನೂ ಕೇಳಿ ಪಡೆಯಿರಿ. ಕಲಿಸಿದ ಮಕ್ಕಳ ವಯಸ್ಸು, ವಾರದ ಗಂಟೆಗಳು, ಆರಂಭ ಮತ್ತು ಮುಕ್ತಾಯದ ದಿನಾಂಕ ಮೂರೂ ಅದರಲ್ಲಿ ನಮೂದಾಗಿರಲಿ, ಏಕೆಂದರೆ ಊರಿಗೆ ಮರಳಿದ ಮೇಲೆ ಅದನ್ನು ತರಿಸಿಕೊಳ್ಳುವುದು ಬಹಳ ಕಷ್ಟ.